ಜೋಡಿ ಸ್ಪಂಜಿನ ಫಿಲ್ಟರ್, ಎಂಟು ಡ್ಯಾನಿಯೊ, ಇಪ್ಪತ್ತು ಸೀಗಡಿ: ಮಡಿಕೇರಿಯಲ್ಲಿ ಮೂರು ವರ್ಷದ ಬಳಕೆ

2022ರ ಅಕ್ಟೋಬರ್‌ನಲ್ಲಿ, ಮಳೆ ಹಿಂದೆ ಸರಿದ ಮೇಲೆ, ಮಡಿಕೇರಿಯ ನಮ್ಮ ಮನೆಯಲ್ಲಿ ಎರಡೂವರೆ ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಗಾಜಿನ ತೊಟ್ಟಿಯೊಂದನ್ನು ಇರಿಸಿ ಸುಮಾರು 75 ಲೀಟರ್ ನೀರು ತುಂಬಿಸಿದೆ. ಒಂದೂವರೆ ತಿಂಗಳು ಮೀನಿಲ್ಲದೆ ಫಿಲ್ಟರ್ ಓಡಿಸಿ, ಅನಂತರ ಎಂಟು ಜೀಬ್ರಾ ಡ್ಯಾನಿಯೊ ಮೀನುಗಳನ್ನೂ ಇಪ್ಪತ್ತು ಕೆಂಪು ಚೆರ್ರಿ ಸೀಗಡಿಗಳನ್ನೂ ಅದರಲ್ಲಿ ಒಟ್ಟಿಗೆ ಬಿಟ್ಟೆ. ಈ ವಿಮರ್ಶೆ ಆ ತೊಟ್ಟಿಯನ್ನು ಇಂದಿಗೂ ನಡೆಸುತ್ತಿರುವ ಜೋಡಿ ಸ್ಪಂಜಿನ ಫಿಲ್ಟರ್ ಮತ್ತು ಬ್ಯಾಟರಿಯುಳ್ಳ ಏರ್ ಪಂಪ್ ಕುರಿತದ್ದು. ಆದರೆ ಸದಾ ಓಡಾಡುವ ಮೀನುಗಳ ನಡುವೆ ಸೀಗಡಿ ಬಾಳುತ್ತದೆಯೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಈ ಫಿಲ್ಟರಿನ ಗುಣದೋಷ ಹೇಳುವುದು ಸಾಧ್ಯವಿಲ್ಲ. ನಾನು ಅದನ್ನು ಕೊಂಡದ್ದೇ ಆ ಕಾರಣಕ್ಕೆ.

ಮೊದಲ ನಾಲ್ಕು ತಿಂಗಳು ತೊಟ್ಟಿಯ ಅಂಚಿಗೆ ತೂಗುಹಾಕುವ ಮೋಟಾರ್ ಫಿಲ್ಟರ್ ಬಳಸುತ್ತಿದ್ದೆ. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಹೆಣ್ಣು ಸೀಗಡಿಗಳು ಹೊಟ್ಟೆಯಡಿ ಮೊಟ್ಟೆ ಹೊತ್ತು ತಿರುಗುತ್ತಿದ್ದವು, ಮೂರು ನಾಲ್ಕು ವಾರಗಳಲ್ಲಿ ಮೊಟ್ಟೆಗಳು ಖಾಲಿಯಾಗುತ್ತಿದ್ದವು, ಆದರೆ ತೊಟ್ಟಿಯಲ್ಲಿ ಒಂದೇ ಒಂದು ಮರಿಯೂ ಕಾಣಿಸುತ್ತಿರಲಿಲ್ಲ. ಎಲ್ಲವನ್ನೂ ಮೀನುಗಳೇ ತಿಂದಿರಬೇಕೆಂದು ನಂಬಿದ್ದೆ. ಒಂದು ದಿನ ಫಿಲ್ಟರಿನ ಡಬ್ಬಿಯನ್ನು ತೊಳೆಯಲು ಬಿಚ್ಚಿದಾಗ ಅದರೊಳಗಿನ ಕೆಸರಿನಲ್ಲಿ ಹನ್ನೊಂದು ಮರಿಗಳು ಜೀವಂತವಾಗಿದ್ದವು. ಮೊಟ್ಟೆಯೊಡೆದು ಬರುವ ಚೆರ್ರಿ ಸೀಗಡಿಯ ಮರಿ ಎರಡು ಮಿಲಿಮೀಟರಿನಷ್ಟಿರುತ್ತದೆ. ಮೋಟಾರಿನ ಹೀರುಗೊಳವೆಯ ಸೀಳುಗಳು ಅದಕ್ಕೆ ತೆರೆದ ಬಾಗಿಲು. ಅದೇ ವಾರ ಸ್ಪಂಜಿನ ಫಿಲ್ಟರ್ ತರಿಸಿದೆ.

ಇದರ ಕೆಲಸ ಸರಳ. ಪಂಪಿನ ಗಾಳಿ ಗುಳ್ಳೆಗಳಾಗಿ ಕೊಳವೆಯಲ್ಲಿ ಮೇಲೇರುವಾಗ ನೀರನ್ನೂ ಜೊತೆಗೆ ಎತ್ತುತ್ತದೆ, ಆ ಜಾಗ ತುಂಬಲು ತೊಟ್ಟಿಯ ನೀರು ಸ್ಪಂಜಿನ ಮೂಲಕ ನಿಧಾನವಾಗಿ ಒಳಗೆ ಸರಿಯುತ್ತದೆ, ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಮೀನು-ಸೀಗಡಿಗಳ ತ್ಯಾಜ್ಯದಿಂದ ಹುಟ್ಟುವ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ಅಷ್ಟಾಗಿ ವಿಷವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮರಿಗಳು ಒಳಗೆ ಹೋಗುವ ಭಯವಿಲ್ಲ ಎಂಬುದಷ್ಟೇ ಇದರ ಲಾಭವಲ್ಲ. ಸ್ಪಂಜಿನ ಮೇಲೆ ಕೂಡುವ ಲೋಳೆಯ ಪದರವನ್ನು ಸೀಗಡಿಗಳು ಹಗಲೂ ರಾತ್ರಿ ಕೆರೆದು ತಿನ್ನುತ್ತವೆ. ನಮ್ಮ ತೊಟ್ಟಿಯಲ್ಲಿ ಅದು ಮರಿಗಳ ಮೇವುಗಾವಲಾಗಿದೆ. ನೀರು ಮೋಟಾರ್ ಫಿಲ್ಟರಿನಷ್ಟು ತಿಳಿಯಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಸಣ್ಣ ಕಸ ನೆಲದಲ್ಲಿ ಉಳಿಯುತ್ತದೆ, ವಾರಕ್ಕೊಮ್ಮೆ ಕೊಳವೆಯಿಂದ ಎಳೆದು ತೆಗೆಯಬೇಕಾಗುತ್ತದೆ. ಮೂರು ವಾರಗಳಿಗೊಮ್ಮೆ ಒಂದು ಸ್ಪಂಜನ್ನು ಮಾತ್ರ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡುತ್ತೇನೆ. ಎರಡನ್ನೂ ಒಂದೇ ದಿನ ತೊಳೆದರೆ ಬ್ಯಾಕ್ಟೀರಿಯಾ ಕಡಿಮೆಯಾಗಿ ನೀರು ಕೆಡುವ ಸಂಭವವಿದೆ. ಜೋಡಿ ಸ್ಪಂಜು ಇರುವುದರ ನಿಜವಾದ ಪ್ರಯೋಜನ ಇದೇ.

ಫಿಲ್ಟರ್ ಬದಲಿಸಿದ ಮೇಲೂ ಮರಿಗಳು ಹೆಚ್ಚಲಿಲ್ಲ. ಡ್ಯಾನಿಯೊ ನಾಲ್ಕು ಸೆಂಟಿಮೀಟರಿನ ಚಿಕ್ಕ ಮೀನು, ಬೆಳೆದ ಸೀಗಡಿ ಅದರ ಬಾಯಿಗೆ ಹಿಡಿಯುವುದಿಲ್ಲ, ಅದು ಸೀಗಡಿಯನ್ನು ಹುಡುಕಿಕೊಂಡು ಬೇಟೆಯಾಡುವುದೂ ಇಲ್ಲ. ಆದರೆ ನೀರಿನಲ್ಲಿ ಮಿಸುಕುವ ಸಣ್ಣದೆಲ್ಲವೂ ಅದಕ್ಕೆ ಆಹಾರವೇ. ಇನ್ನೊಂದು ತೊಂದರೆಯನ್ನು ನಾನು ಬಹಳ ತಡವಾಗಿ ಗಮನಿಸಿದೆ. ಹೆಣ್ಣು ಸೀಗಡಿ ಪೊರೆ ಕಳಚಿದ ಗಳಿಗೆಯಲ್ಲಿ ಗಂಡುಗಳೆಲ್ಲ ಅದರ ವಾಸನೆ ಹಿಡಿದು ತೊಟ್ಟಿಯ ತುಂಬ ಈಜಾಡತೊಡಗುತ್ತವೆ. ಆ ಓಡಾಟ ಕಂಡ ಡ್ಯಾನಿಯೊಗಳು ಕೆರಳಿ ಬೆನ್ನಟ್ಟುತ್ತವೆ. ಆಗಷ್ಟೇ ಪೊರೆ ಬಿಟ್ಟ ಹೆಣ್ಣಿನ ಮೈ ಮೆತ್ತಗಿರುವುದರಿಂದ ಅದಕ್ಕೆ ಅಡಗುವ ಜಾಗ ಬೇಕೇ ಬೇಕು. ಆ ದಿನಗಳಲ್ಲಿ ನಮ್ಮ ಸೀಗಡಿಗಳು ಕೆಂಪು ಕಳೆದುಕೊಂಡು ಮಾಸಲಾಗಿದ್ದವು. ಬಣ್ಣ ಮಾಸುವುದು ಅವು ಅಂಜಿಕೊಂಡಿರುವುದರ ಗುರುತೂ ಆಗಿರಬಹುದು ಎಂದು ಈಗ ನನಗನಿಸುತ್ತದೆ.

ತೊಟ್ಟಿಯ ಹಿಂಬದಿಯ ಮೂರನೇ ಒಂದು ಭಾಗವನ್ನು ನೀರೊಳಗೆ ಬೆಳೆಯುವ ಹಾವಸೆಯಾದ ಜಾವಾ ಮಾಸ್‌ನಿಂದ ದಟ್ಟವಾಗಿ ತುಂಬಿಸಿ, ಮುಂಭಾಗವನ್ನು ಮೀನಿನ ಓಟಕ್ಕೆ ಬಯಲಾಗಿ ಬಿಟ್ಟೆ. ಮೀನಿನ ಆಹಾರವನ್ನು ಬೆಳಿಗ್ಗೆ ಮುಂಭಾಗದ ನೀರಿನ ಮೇಲೆ ಉದುರಿಸಿ, ಸೀಗಡಿಯ ಆಹಾರವನ್ನು ರಾತ್ರಿ ದೀಪ ಆರಿಸಿ ಅರ್ಧ ಗಂಟೆಯ ನಂತರ ಮಾಸ್‌ನ ಬುಡಕ್ಕೆ ಇಳಿಬಿಡುವ ಪದ್ಧತಿ ಮಾಡಿಕೊಂಡೆ. ಎರಡು ತಿಂಗಳೊಳಗೆ ಮರಿಗಳು ಕಾಣತೊಡಗಿದವು. ಈಚೆಗೆ ತೊಟ್ಟಿಯನ್ನು ತೆರವು ಮಾಡಿದಾಗ ಎಣಿಸಿದರೆ ಅರವತ್ತಕ್ಕೂ ಹೆಚ್ಚು ಸೀಗಡಿಗಳಿದ್ದವು. ಸೀಗಡಿಯನ್ನು ಮಾತ್ರ ಸಾಕಿದ್ದರೆ ಇದರ ಹಲವು ಪಟ್ಟು ಇರುತ್ತಿದ್ದವು. ಮೀನಿನೊಂದಿಗೆ ಇಟ್ಟು ವಂಶ ಬೆಳೆಯಬೇಕೆಂದು ಬಯಸುವವರು ಈ ಲೆಕ್ಕಕ್ಕೆ ಒಪ್ಪಿಕೊಂಡೇ ಆರಂಭಿಸಬೇಕು.

ಕೊಡಗಿನಲ್ಲಿ ಸಾಕುವವರಿಗೆ ಮೀನಿಗಿಂತ ನೀರಿನ ವಿಷಯವೇ ಮುಖ್ಯವೆಂದು ನನ್ನ ಅಭಿಪ್ರಾಯ. ನಮ್ಮ ತೆರೆದ ಬಾವಿಯ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ, 50 ಪಿಪಿಎಂ ಆಸುಪಾಸಿನಲ್ಲಿರುತ್ತದೆ, ಮಳೆಗಾಲದಲ್ಲಿ ಇನ್ನೂ ಇಳಿಯುತ್ತದೆ. ಇಂಥ ಮೆದು ನೀರಿನಲ್ಲಿ ಡ್ಯಾನಿಯೊ ಲವಲವಿಕೆಯಿಂದಿರುತ್ತದೆ, ಆದರೆ ಸೀಗಡಿಗೆ ಹೊಸ ಚಿಪ್ಪು ಕಟ್ಟಲು ಬೇಕಾದ ಸುಣ್ಣದ ಅಂಶ ಸಿಗುವುದಿಲ್ಲ. ಮೊದಲ ಮಳೆಗಾಲದಲ್ಲಿ ತಲೆ ಮತ್ತು ಬೆನ್ನಿನ ನಡುವೆ ಬಿಳಿ ಉಂಗುರ ಮೂಡಿ, ಪೊರೆ ಅರ್ಧ ಕಳಚಿ ಸತ್ತವುಗಳನ್ನು ದಿನಕ್ಕೊಂದರಂತೆ ಎತ್ತಿ ಹಾಕಿದ್ದೇನೆ. ಈಗ ಸೀಗಡಿಗೆಂದೇ ಮಾರುವ ಖನಿಜ ಲವಣವನ್ನು ಬದಲಿ ನೀರಿಗೆ ಬೆರೆಸಿ ಟಿಡಿಎಸ್ಸನ್ನು 180ರ ಹತ್ತಿರ ನಿಲ್ಲಿಸುತ್ತೇನೆ, ವಾರಕ್ಕೆ ಹತ್ತನೇ ಒಂದು ಭಾಗ ನೀರನ್ನಷ್ಟೇ ಹನಿಹನಿಯಾಗಿ ಬದಲಿಸುತ್ತೇನೆ. ಚಳಿ ಇಲ್ಲಿ ಅಡ್ಡಿಯಾಗಲಿಲ್ಲ. ಜನವರಿಯ ಮುಂಜಾನೆ ತೊಟ್ಟಿಯ ನೀರು 18 ಡಿಗ್ರಿಗೆ ಇಳಿದರೂ ಎರಡೂ ತಡೆದುಕೊಂಡಿವೆ, ಹೀಟರ್ ಇಟ್ಟಿಲ್ಲ.

ಎರಡನೇ ವರ್ಷದ ಮೇ ತಿಂಗಳಲ್ಲಿ ಆದ ನಷ್ಟವನ್ನು ವಿವರವಾಗಿ ಬರೆಯುವುದು ಅಗತ್ಯ, ಏಕೆಂದರೆ ಅದು ಕಾಫಿ ತೋಟವಿರುವ ಯಾವ ಮನೆಯಲ್ಲಾದರೂ ಆಗಬಹುದು. ಮಳೆಗೆ ಮುಂಚೆ ಕಾಫಿಗೂ ಕರಿಮೆಣಸಿಗೂ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವುದು ನಮ್ಮಲ್ಲಿ ವಾಡಿಕೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ದ್ರಾವಣ ಕಲಸಿದ ಬಕೆಟ್ಟನ್ನು ತೊಳೆದಿದ್ದಾರೆಂದು ನಂಬಿ, ಅದರಲ್ಲಿ ನೀರು ಹಿಡಿದು ತೊಟ್ಟಿಗೆ ಸುರಿದೆ. ಸಂಜೆಯ ಹೊತ್ತಿಗೆ ಸೀಗಡಿಗಳು ಅತ್ತಿತ್ತ ಹಾರಾಡತೊಡಗಿದವು, ಮರುದಿನ ಬೆಳಿಗ್ಗೆ ಮೂವತ್ತೆರಡು ಸತ್ತಿದ್ದವು. ಡ್ಯಾನಿಯೊಗಳಿಗೆ ಏನೂ ಆಗಲಿಲ್ಲ. ಮೈಲುತುತ್ತದಲ್ಲಿರುವುದು ತಾಮ್ರ, ಮೀನು ಸಹಿಸುವ ಪ್ರಮಾಣದ ತಾಮ್ರವೂ ಸೀಗಡಿಯನ್ನು ಕೊಲ್ಲುತ್ತದೆ. ಅಂದಿನಿಂದ ತೊಟ್ಟಿಯ ಬಕೆಟ್ಟು, ಕೊಳವೆ, ಚೊಂಬು ಎಲ್ಲವೂ ಪ್ರತ್ಯೇಕ. ತೋಟದ ಎಲೆಯನ್ನಾಗಲಿ ತೋಡಿನ ಪಾಚಿಯನ್ನಾಗಲಿ ಒಳಗೆ ಬಿಡುವುದಿಲ್ಲ. ಸಿಂಪರಣೆ ತಾಗದ ಅಂಗಳದ ಪೇರಳೆ ಮರದ ಒಣಗಿದ ಎಲೆಗಳನ್ನು ಮಾತ್ರ ಹಾಕುತ್ತೇನೆ. ಮೀನಿನ ಬಿಳಿಚುಕ್ಕೆ ರೋಗದ ಔಷಧಗಳಲ್ಲಿಯೂ ಹಲವಕ್ಕೆ ತಾಮ್ರ ಸೇರಿರುತ್ತದೆ, ಚೀಟಿ ಓದದೆ ಸುರಿಯಬಾರದು.

ಏರ್ ಪಂಪಿನ ಬಗ್ಗೆ ಹೇಳುವುದು ಕಡಿಮೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟು ದಿನಗಟ್ಟಲೆ ಹೋಗುವ ಊರಿನಲ್ಲಿ ಬ್ಯಾಟರಿಯುಳ್ಳ ಪಂಪು ಅನಿವಾರ್ಯ. ಕರೆಂಟು ಹೋದೊಡನೆ ತಾನೇ ಓಡತೊಡಗುತ್ತದೆ, ಹೊಸದರಲ್ಲಿ ರಾತ್ರಿಯಿಡೀ ನಡೆಯುತ್ತಿತ್ತು, ಎರಡು ಮಳೆಗಾಲದ ನಂತರ ನಾಲ್ಕು ಗಂಟೆಗೆ ಇಳಿಯಿತು. ಸದ್ದು ಸಣ್ಣದು, ಆದರೆ ಮಲಗುವ ಕೋಣೆಯಲ್ಲಿ ಇಡುವಂಥದ್ದಲ್ಲ. ಒಳಗಿನ ರಬ್ಬರನ್ನು ಒಮ್ಮೆ ಬದಲಿಸಿದ್ದೇನೆ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಡುವುದಾದರೆ ಕೊಳವೆಗೆ ಒನ್-ವೇ ವಾಲ್ವ್ ಹಾಕಲೇಬೇಕು, ಇಲ್ಲವಾದರೆ ಪಂಪು ನಿಂತಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿದುಬರುತ್ತದೆ.

ಬೇರೆ ಚುರುಕು ಮೀನುಗಳನ್ನು ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ಟೈಗರ್ ಬಾರ್ಬ್ ಬೇಡ, ಅದು ಬೆಳೆದ ಸೀಗಡಿಯನ್ನೂ ಕುಟುಕುತ್ತದೆ. ನಮ್ಮ ಪಶ್ಚಿಮ ಘಟ್ಟದ್ದೇ ಆದ, ಮಿಸ್ ಕೇರಳ ಎಂದು ಕರೆಯುವ ಡೆನಿಸನ್ ಬಾರ್ಬ್ ಬಹಳ ಸುಂದರವಾದ ಮೀನು. ಆದರೆ ಹತ್ತು ಸೆಂಟಿಮೀಟರ್ ಮೀರಿ ಬೆಳೆಯುವ ಅದಕ್ಕೆ ಈ ತೊಟ್ಟಿಯೂ ಸಾಲದು, ಸೀಗಡಿಯೂ ಉಳಿಯದು. ಅದು ಅಳಿವಿನಂಚಿನ ಪಟ್ಟಿಯಲ್ಲಿರುವುದರಿಂದ ಹೊಳೆಯಲ್ಲೇ ಇರಲಿ ಎಂಬುದು ನನ್ನ ಆಸೆ. ದೊಡ್ಡ ಮೀನೇ ಬೇಕೆನ್ನುವವರು ಚೆರ್ರಿಯ ಬದಲು ಐದು ಸೆಂಟಿಮೀಟರಿನವರೆಗೆ ಬೆಳೆಯುವ ಅಮಾನೊ ಸೀಗಡಿಯನ್ನು ನೋಡಬಹುದು. ಅದರ ಮರಿಗಳಿಗೆ ಉಪ್ಪುನೀರು ಬೇಕಾದ್ದರಿಂದ ಮನೆಯ ತೊಟ್ಟಿಯಲ್ಲಿ ಸಂತತಿ ಬೆಳೆಯುವುದಿಲ್ಲ.

ಎಂಟು ಡ್ಯಾನಿಯೊಗಳಲ್ಲಿ ಈಗ ಉಳಿದಿರುವುದು ಐದು, ಅವಕ್ಕೂ ವಯಸ್ಸಾಗಿದೆ, ಓಟ ತಗ್ಗಿದೆ. ಹೀಗಾಗಿ ಹಗಲಿನಲ್ಲೂ ಮೊಟ್ಟೆ ಹೊತ್ತ ಸೀಗಡಿಗಳು ಮುಂಭಾಗದ ಮರಳಿಗೆ ಬಂದು ಮೇಯುತ್ತಿವೆ. ಗುಂಪು ಆರಕ್ಕಿಂತ ಕಡಿಮೆಯಾದರೆ ಡ್ಯಾನಿಯೊಗಳು ಒಂದನ್ನೊಂದು ಅಟ್ಟಾಡಿಸುವುದರಿಂದ ಇನ್ನೂ ಮೂರನ್ನು ತಂದಿದ್ದೇನೆ. ಅವು ಸದ್ಯ ಬೇರೊಂದು ಸಣ್ಣ ತೊಟ್ಟಿಯಲ್ಲಿ, ಹಳೆಯ ಸ್ಪಂಜೊಂದರ ಜೊತೆಗೆ, ನಾಲ್ಕು ವಾರಗಳ ಕಾವಲಿನಲ್ಲಿವೆ.