ಕಾಡು ಉಳಿಸಲು ಯಾವ ದಾರಿ: ಕಾವಲು, ದುಡ್ಡು, ಹಕ್ಕು?

ಪುಣೆಯ ನಮ್ಮ ಕನ್ನಡ ಬಳಗದ ಹುಡುಗಿ ಕೇಳಿದಳು: "ಅಂಕಲ್, ಕಾಲೇಜು ಪ್ರಾಜೆಕ್ಟ್‌ಗೆ ಕಾಡು ಉಳಿಸುವ ಯಾವ ದೇಶದ ದಾರಿ ಆರಿಸಲಿ?"

ವೇಗ ನೋಡಿದರೆ ಬ್ರೆಜಿಲ್. 2004ರಲ್ಲಿ ಉಪಗ್ರಹದ ಕಣ್ಗಾವಲು, ದಾಳಿ, ದಂಡ ಒಟ್ಟಿಗೆ ಬಂದವು. ಆ ವರ್ಷ ಅಮೆಜಾನ್‌ನಲ್ಲಿ 27,000 ಚದರ ಕಿ.ಮೀ.ಗೂ ಜಾಸ್ತಿ ಕಾಡು ನಾಶವಾಗಿತ್ತು. 2012ರ ಲೆಕ್ಕ 5,000ಕ್ಕಿಂತ ಕಡಿಮೆ! ಆದರೆ ಸರ್ಕಾರದ ಮನಸ್ಸು ಬದಲಾದಾಗ ಕೊಡಲಿ ಮತ್ತೆ ಎದ್ದಿತು.

ಕೋಸ್ಟರಿಕಾ 1997ರಿಂದ ಮರ ಉಳಿಸಿದ ಜಮೀನುದಾರರಿಗೆ ದುಡ್ಡು ಕೊಡುತ್ತಿದೆ. ಬಹುಪಾಲು ಇಂಧನ ತೆರಿಗೆಯ ಹಣ. ಖರ್ಚು ನಿಲ್ಲುವುದಿಲ್ಲ, ಜಮೀನಿನ ಪತ್ರವೂ ಸರಿ ಇರಬೇಕು.

ಕಾಡಿನಲ್ಲಿ ಬಾಳುವ ಜನರಿಗೆ ಆ ಕಾಡಿನ ಮೇಲೆ ಹಕ್ಕು ಕೊಡುವ ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆ ನಿಧಾನ. ದಾಖಲೆ, ಅರ್ಜಿ, ಸಭೆ ಅಂತ ವರ್ಷಗಳೇ ಹೋಗುತ್ತವೆ. ಆದರೂ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಅನ್ನುವ ಆದಿವಾಸಿ ಊರು ನೋಡಿ: ಸುಮಾರು 1,800 ಹೆಕ್ಟೇರ್ ಕಾಡು ಗ್ರಾಮಸಭೆಯ ಕೈಯಲ್ಲಿದೆ. ಬಿದಿರು ಮಾರಿದ ಹಣ ಊರಿಗೇ ಬರುತ್ತದೆ. ತಮ್ಮದು ಅನ್ನಿಸಿದ್ದನ್ನು ಜನ ಕಾಯ್ತಾರೆ, ಅಲ್ವಾ? ನನಗೆ ಇದೇ ಹತ್ತಿರ.

ಪುಣೆ ಹತ್ತಿರದ ಮುಳಶಿ ಕಡೆಯ ಖಾಸಗಿ ಗುಡ್ಡಗಳ ಬಗ್ಗೆ ಬರೆಯುವುದಾದರೆ ಕೋಸ್ಟರಿಕಾ ಹಿಡಿ ಮಗಳೇ. ಆದಿವಾಸಿ ಊರುಗಳಾದರೆ ಗ್ರಾಮಸಭೆ. ಕದ್ದು ಮರ ಕಡಿಯುವುದು ಜೋರಾಗಿರುವ ಕಡೆ ಮೊದಲು ಉಪಗ್ರಹವೇ ಬೇಕು.