ಮೊಟ್ಟೆ ಇಡುವ ಕೋಳಿಗೆ ಕ್ಯಾಲ್ಸಿಯಂ: ಮೊಟ್ಟೆ ಓಡು, ಸಮುದ್ರದ ಚಿಪ್ಪು, ಸುಣ್ಣದ ತಿಳಿ, ಟಾನಿಕ್ – ಕೊಟ್ಟು ನೋಡಿದ ಹೋಲಿಕೆ

ಹಿತ್ತಲಲ್ಲಿ ಕೋಳಿ ಸಾಕಿದವರ ಮನೆಯಲ್ಲಿ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಮೊಟ್ಟೆ ಎತ್ತಿಕೊಂಡರೆ ಕೈಯಲ್ಲೇ ಬಿರುಕು ಬಿಡುತ್ತದೆ. ಇಲ್ಲವೇ ಓಡೇ ಇಲ್ಲದ, ಬರೀ ಪೊರೆಯ ಮೊಟ್ಟೆ ಗೂಡಿನ ಕೆಳಗೆ ಬಿದ್ದಿರುತ್ತದೆ. ಕ್ಯಾಲ್ಸಿಯಂ ಸಾಲದು ಎಂದು ಎಲ್ಲರೂ ಹೇಳುತ್ತಾರೆ. ಏನು ಕೊಡಬೇಕು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ನಾಟಿ ಹೇಂಟೆಗಳು, ಗಿರಿರಾಜ ತಳಿಯವು, ಜೊತೆಗೆ ಜಾಸ್ತಿ ಮೊಟ್ಟೆ ಇಡುವ ಬಿವಿ 380 ತಳಿಯ ಕೆಲವು ಕೋಳಿಗಳು ಇವೆ. ಜನ ಹೇಳುವ ದಾರಿಗಳನ್ನೆಲ್ಲ ಇವುಗಳ ಮೇಲೆ ಒಂದೊಂದಾಗಿ ನೋಡಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಸಮುದ್ರದ ಚಿಪ್ಪಿನ ದಪ್ಪ ನುಚ್ಚನ್ನು ಮೇವಿಗೆ ಬೆರೆಸದೆ ಬೇರೆ ಬಟ್ಟಲಲ್ಲಿ ಇಡುವುದೇ ಎಲ್ಲಕ್ಕಿಂತ ಒಳ್ಳೆಯದು. ಮನೆಯ ಮೊಟ್ಟೆ ಓಡು ಅದರ ಜೊತೆಗೆ ಚೆನ್ನ, ಅದೊಂದೇ ಸಾಲದು.

ಸಾಲದು ಎನ್ನುವುದಕ್ಕೆ ಲೆಕ್ಕ ಇದೆ. ಫಾರಂ ಮೊಟ್ಟೆಯ ಗಾತ್ರದ ಒಂದು ಮೊಟ್ಟೆಯ ಓಡು 5ರಿಂದ 6 ಗ್ರಾಂ ತೂಗುತ್ತದೆ. ಅದು ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂ ಒಂದನ್ನೇ ಎಣಿಸಿದರೆ 2 ಗ್ರಾಂ ಚಿಲ್ಲರೆ. ಆದರೆ ಕೋಳಿ ತಿಂದ ಕ್ಯಾಲ್ಸಿಯಂ ಎಲ್ಲ ಮೈಗೆ ಹತ್ತುವುದಿಲ್ಲ. ಅರ್ಧದ ಹತ್ತಿರ ಹಿಕ್ಕೆಯಲ್ಲೇ ಹೋಗುತ್ತದೆ. ಹಾಗಾಗಿ ದಿನಾ ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ಮೊಟ್ಟೆಯ ಓಡನ್ನು ಪೂರ್ತಿ ಅದೇ ಕೋಳಿಗೆ ತಿನ್ನಿಸಿದರೂ ಅರ್ಧ ಮಾತ್ರ ತುಂಬುತ್ತದೆ. ಅದೂ ಎಲ್ಲ ಮೊಟ್ಟೆ ಮನೆಯಲ್ಲೇ ಒಡೆದರೆ. ನಾವು ಮಾರುತ್ತೇವೆ, ನೆಂಟರಿಗೆ ಕೊಟ್ಟು ಕಳಿಸುತ್ತೇವೆ, ಕಾವಿಗೆ ಇಡುತ್ತೇವೆ. ಓಡು ಹಿತ್ತಲಿಗೆ ವಾಪಸ್ ಬರುವುದು ಎಷ್ಟು?

ಕಾಳುಗಳಿಂದ ಈ ಕೊರತೆ ತುಂಬುವುದಿಲ್ಲ. ಅಕ್ಕಿ ನುಚ್ಚು, ಜೋಳದಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನಬಹುದು. ರಾಗಿ ಒಳ್ಳೆಯದು ಅಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಕಾಳುಗಳಲ್ಲಿ ರಾಗಿಯೇ ಮುಂದು, ನಿಜ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ನಮಗೆ ಅದು ದೊಡ್ಡದು. ಕೋಳಿಗೆ ಬೇಕಾದ 4 ಗ್ರಾಮಿನ ಎದುರು ಅದು ಹತ್ತರಲ್ಲಿ ಒಂದು ಪಾಲೂ ಅಲ್ಲ. ನುಗ್ಗೆ ಸೊಪ್ಪಿನ ಕಥೆಯೂ ಅಷ್ಟೇ. ಕೊಡಿ, ಬೇರೆ ಒಳ್ಳೆಯ ಅಂಶಗಳಿವೆ. ಓಡಿನ ಭಾರವನ್ನು ಮಾತ್ರ ಅದರ ಮೇಲೆ ಹಾಕಬೇಡಿ.

ಇನ್ನು ಮೊಟ್ಟೆ ಓಡು. ಖರ್ಚಿಲ್ಲ, ಕೋಳಿಗಳು ಇಷ್ಟಪಟ್ಟು ತಿನ್ನುತ್ತವೆ. ತೊಳೆದು ಬಿಸಿಲಿಗೆ ಹಾಕಿ, ಕಾವಲಿ ಮೇಲೆ ಚೆನ್ನಾಗಿ ಬಿಸಿ ಮಾಡಿ, ಆಮೇಲೆ ಕೈಯಲ್ಲಿ ಪುಡಿ ಮಾಡುತ್ತೇನೆ. ಬಿಸಿ ಮಾಡುವ ಕೆಲಸ ಬಿಡಬೇಡಿ. ಓಡಿನ ಮೇಲೆ ಅಂಟಿದ ಹಿಕ್ಕೆಯಿಂದ ರೋಗ ಹರಡುತ್ತದೆ. ಅರ್ಧ ಓಡು ಹಾಗೇ ಎಸೆಯುವುದೂ ಬೇಡ. ಓಡಿನ ಆಕಾರ, ಒಳಗೆ ಅಂಟಿದ ಲೋಳೆಯ ರುಚಿ ಎರಡೂ ಗೊತ್ತಾದರೆ ಕೆಲವು ಕೋಳಿಗಳು ಗೂಡಿನ ಮೊಟ್ಟೆಯನ್ನೇ ಕುಕ್ಕಲು ಕಲಿಯುತ್ತವೆ. ಆ ಚಾಳಿ ಬಿಡಿಸುವುದು ಬಲು ಕಷ್ಟ. ಹಾಗಂತ ಮಿಕ್ಸಿಗೆ ಹಾಕಿ ಹಿಟ್ಟು ಮಾಡಲೂಬೇಡಿ. ಅಕ್ಕಿ ನುಚ್ಚಿನಷ್ಟು ದಪ್ಪ ಇರಲಿ.

ಈ ದಪ್ಪದ ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಯಾವ ವಸ್ತು ಎನ್ನುವುದಕ್ಕಿಂತ ಎಷ್ಟು ದಪ್ಪ, ಯಾವ ಹೊತ್ತು ಎನ್ನುವುದೇ ಹೆಚ್ಚು ಕೆಲಸ ಮಾಡುತ್ತದೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಓಡು ಕಟ್ಟುವುದಕ್ಕೇ ಹೋಗುತ್ತದೆ. ಕೋಳಿ ಬೆಳಿಗ್ಗೆ ಮೊಟ್ಟೆ ಇಟ್ಟರೆ ಮುಂದಿನ ಮೊಟ್ಟೆಯ ಓಡು ಕಟ್ಟುವ ಕೆಲಸ ಜೋರಾಗಿ ನಡೆಯುವುದು ಅದು ಮಲಗಿರುವ ರಾತ್ರಿಯಲ್ಲಿ. ಆಗ ಅದು ಏನೂ ತಿನ್ನುವುದಿಲ್ಲ. ಸಣ್ಣ ಪುಡಿ ಅಷ್ಟರಲ್ಲಿ ಹೊಟ್ಟೆ ದಾಟಿ ಹೋಗಿರುತ್ತದೆ. 2ರಿಂದ 4 ಮಿಲಿಮೀಟರ್ ದಪ್ಪದ ಚೂರು ಹಾಗಲ್ಲ. ಮಾಂಸದಂಗಡಿಯಲ್ಲಿ ಗಿಜರ್ಡ್ ಎನ್ನುವ ಆ ಗಟ್ಟಿ ಹೊಟ್ಟೆಯಲ್ಲಿ ಅದು ಕೂತು, ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಅದೂ ಸಾಲದೆ ಹೋದಾಗ ಕೋಳಿ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ಓಡಿಗೆ ಹಾಕುತ್ತದೆ. ಓಡು ಚೆನ್ನಾಗಿಯೇ ಕಾಣುತ್ತದೆ, ಒಳಗೆ ಕೋಳಿ ಸವೆಯುತ್ತಿರುತ್ತದೆ. ಜಾಸ್ತಿ ಮೊಟ್ಟೆ ಇಡುವ ತಳಿಗಳು ಕಾಲು ಸೋತು ಕೂರುವುದಕ್ಕೆ ಇದೂ ಒಂದು ಕಾರಣ.

ಸಮುದ್ರದ ಚಿಪ್ಪಿನ ನುಚ್ಚು ಗೆಲ್ಲುವುದು ಇಲ್ಲೇ. ಅದರಲ್ಲಿ ಕ್ಯಾಲ್ಸಿಯಂ 38 ಶೇಕಡಾ ಇರುತ್ತದೆ, ಮೊಟ್ಟೆ ಓಡಿನಷ್ಟೇ. ಆದರೆ ಗಟ್ಟಿ, ದಪ್ಪ, ನಿಧಾನ ಕರಗುತ್ತದೆ. ಘಟ್ಟದ ಕೆಳಗಿನವರಿಗೆ ಇದು ಮನೆ ಬಾಗಿಲಿನ ವಸ್ತು. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಚಿಪ್ಪು ಆರಿಸುವುದೇ ಎಷ್ಟೋ ಮನೆಗಳ ಜೀವನ. ಅಲ್ಲಿಯ ನೆಂಟರು ತಂದುಕೊಟ್ಟ ಚಿಪ್ಪನ್ನು ತೊಳೆದು, ಗೋಣಿಯಲ್ಲಿ ಸುತ್ತಿ ಸುತ್ತಿಗೆಯಲ್ಲಿ ಕುಟ್ಟಿ, ಜರಡಿ ಹಿಡಿದು ಬಳಸಿದ್ದೇನೆ. ಅಂಗಡಿಯದಕ್ಕಿಂತ ಏನೂ ಕಡಿಮೆ ಇಲ್ಲ. ಕುಟ್ಟುವ ಶ್ರಮ ಮಾತ್ರ ಇದೆ, ಚೂಪಾದ ಉದ್ದ ಚೂರುಗಳನ್ನು ಆರಿಸಿ ತೆಗೆಯಬೇಕು. ಈಗ ಮೇವಿನ ಅಂಗಡಿಯ ನುಚ್ಚನ್ನೇ ತರುತ್ತೇನೆ, ಬೆಲೆ ಹೊರೆ ಅನ್ನಿಸುವಷ್ಟಿಲ್ಲ.

ಅಂಗಡಿಯದನ್ನು ಒಮ್ಮೆ ಪರೀಕ್ಷೆ ಮಾಡಿ ಕೊಳ್ಳಿ. ನಾನು ಒಂದು ಕಡೆ ತಂದ ನುಚ್ಚಿನಲ್ಲಿ ಮರಳು ಬೆರೆತಿತ್ತು. ಒಂದು ಚಿಟಿಕೆಯನ್ನು ಲೋಟಕ್ಕೆ ಹಾಕಿ ನಿಂಬೆ ರಸ ಹಿಂಡಿ. ಚಿಪ್ಪಾದರೆ ಸಣ್ಣ ಗುಳ್ಳೆ ಏಳುತ್ತಲೇ ಇರುತ್ತದೆ. ಮರಳು, ಬೆಣಚುಕಲ್ಲು ಸುಮ್ನೆ ತಳದಲ್ಲಿ ಕೂತಿರುತ್ತದೆ. ಬೆಣಚುಕಲ್ಲಿನ ಚೂರು ಕಾಳು ಅರೆಯುವುದಕ್ಕೆ ಕೋಳಿಗೆ ಬೇಕು, ಆದರೆ ಅದರಲ್ಲಿ ಕ್ಯಾಲ್ಸಿಯಂ ಇಲ್ಲ.

ಸುಣ್ಣದ ಕಲ್ಲಿನ ನುಚ್ಚೂ ಸಿಗುತ್ತದೆ. ದಪ್ಪನೆಯದು ಸಿಕ್ಕರೆ ಚಿಪ್ಪಿಗೆ ಸಮ, ಬೆಲೆ ಇನ್ನೂ ಕಡಿಮೆ. ನನಗೆ ಸಿಕ್ಕಿದ್ದು ಹೆಚ್ಚಾಗಿ ಹಿಟ್ಟಿನಂಥದ್ದು. ಅದನ್ನು ಕೋಳಿಗಳು ಬಟ್ಟಲಿಂದ ತಿನ್ನಲಿಲ್ಲ, ಒದ್ದೆ ಮೇವಿಗೆ ಕಲಸಬೇಕಾಯಿತು. ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಅಡಿಕೆ ತೋಟದ ಮಣ್ಣಿಗೆ ತಂದ ಡೋಲೊಮೈಟ್ ಎಂಬ ಸುಣ್ಣದ ಪುಡಿ ಮೂಲೆಯಲ್ಲಿದೆ ಎಂದು ಕೋಳಿಗೆ ಹಾಕಬೇಡಿ. ಅದರಲ್ಲಿ ಮೆಗ್ನೀಸಿಯಂ ಜಾಸ್ತಿ. ಕೋಳಿಗೆ ಭೇದಿ ಆಗುತ್ತದೆ, ಓಡೂ ಸುಧಾರಿಸುವುದಿಲ್ಲ.

ಎಲೆ ಅಡಿಕೆಯ ಸುಣ್ಣವನ್ನು ನೀರಿಗೆ ಹಾಕಿ, ಮೇಲಿನ ತಿಳಿ ಕುಡಿಸುವುದು ನಮ್ಮ ಕಡೆ ಹಿರಿಯರಿಂದ ಬಂದ ಪದ್ಧತಿ. ಗೌರವದಿಂದಲೇ ಮಾಡಿ ನೋಡಿದೆ. ಓಡಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣವೇ ಒಂದೂವರೆ ಗ್ರಾಂ ಆಸುಪಾಸು. ಎಷ್ಟು ಸುರಿದರೂ ಉಳಿದದ್ದು ತಳಕ್ಕೆ. ಅದರಲ್ಲಿ ಕ್ಯಾಲ್ಸಿಯಂ ಒಂದು ಗ್ರಾಮಿಗಿಂತ ಕಡಿಮೆ. ಕೋಳಿ ದಿನಕ್ಕೆ ಕುಡಿಯುವುದು ಕಾಲು ಲೀಟರ್ ನೀರು. ಇನ್ನು ತಳದ ಗಟ್ಟಿ ಸುಣ್ಣವಂತೂ ಬಾಯಿ, ಗಂಟಲು ಸುಡುತ್ತದೆ. ಈ ಪದ್ಧತಿಯನ್ನು ನಾನು ಬಿಟ್ಟಿದ್ದೇನೆ.

ಔಷಧಿ ಅಂಗಡಿಯ ಕ್ಯಾಲ್ಸಿಯಂ ಟಾನಿಕ್ ಬಗ್ಗೆ ಬಾಟಲಿಯ ಲೇಬಲ್ಲೇ ಹೇಳುತ್ತದೆ. ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಓದಿ. ನಿಮ್ಮ ಕೋಳಿಗೆ ಬೇಕಾದದ್ದು 4,000 ಮಿಲಿಗ್ರಾಂ. ದಿನಾ ಅಷ್ಟು ಕುಡಿಸಲು ಯಾರಿಂದಲೂ ಆಗದು. ಹಾಗಿದ್ದರೂ ನಾನು ಒಂದು ಬಾಟಲಿ ಇಟ್ಟಿರುತ್ತೇನೆ, ಮಳೆಗಾಲಕ್ಕೆ. ಟಾನಿಕ್ಕಿನಲ್ಲಿ ವಿಟಮಿನ್ ಡಿ3 ಇರುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಬಿಸಿಲಲ್ಲಿ ಓಡಾಡುವ ಕೋಳಿ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಆದರೆ ಜುಲೈನಲ್ಲಿ ನಮ್ಮಲ್ಲಿ ಬಿಸಿಲು ಎಲ್ಲಿದೆ? ಕೋಳಿಗಳು ಕೊಟ್ಟಿಗೆಯ ಸೂರಿನಡಿ ಮುದುಡಿ ಕೂತಿರುತ್ತವೆ. ಆಗ ಬಟ್ಟಲು ತುಂಬ ಚಿಪ್ಪು ಇದ್ದರೂ ಓಡು ತೆಳ್ಳಗಾಗುತ್ತಿತ್ತು. ಟಾನಿಕ್ ಸೇರಿಸಿದ ಮೇಲೆ ಸುಧಾರಿಸಿತು.

ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿಯನ್ನು ಹಸುವಿಗೆ ತಂದದ್ದು ಇದೆ ಎಂದು ಕೋಳಿಗೂ ಹಾಕುವವರಿದ್ದಾರೆ. ಅದರಲ್ಲಿ ಕ್ಯಾಲ್ಸಿಯಂ 23 ಶೇಕಡಾ, ರಂಜಕ 18 ಶೇಕಡಾ. ಬೆಳೆಯುವ ಮರಿಯ ಮೇವಿಗೆ ಇದನ್ನು ಅಳತೆ ನೋಡಿ ಸೇರಿಸುತ್ತಾರೆ. ಓಡಿಗಾಗಿ ಇದನ್ನೇ ಸುರಿದರೆ ರಂಜಕ ಮಿತಿ ಮೀರಿ ಓಡು ಕಟ್ಟುವುದಕ್ಕೇ ಅಡ್ಡ ಬರುತ್ತದೆ.

ಮೊಟ್ಟೆ ಕೋಳಿಗೆಂದೇ ಅಂಗಡಿಯಲ್ಲಿ ಸಿಗುವ ಲೇಯರ್ ಫೀಡ್ ಒಂದನ್ನೇ ಹಾಕುವವರಿಗೆ ಈ ಚಿಂತೆ ಕಡಿಮೆ. ಅದರಲ್ಲಿ ಮೂರೂವರೆಯಿಂದ 4 ಶೇಕಡಾ ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ 100–110 ಗ್ರಾಂ ತಿಂದರೆ ಲೆಕ್ಕ ಸರಿಹೋಗುತ್ತದೆ. ಆದರೆ ಹಿತ್ತಲಲ್ಲಿ ಹಾಗೆ ಸಾಕುವವರು ಯಾರು? ಅರ್ಧ ಫೀಡ್, ಅರ್ಧ ನುಚ್ಚು, ಮೇಲೆ ಉಳಿದ ಅನ್ನ. ಅಲ್ಲಿಗೆ ಕ್ಯಾಲ್ಸಿಯಂ ಅರ್ಧಕ್ಕಿಳಿಯಿತು. ಇನ್ನೊಂದು ತೊಂದರೆ, ಹುಂಜ, ಮರಿ ಎಲ್ಲ ಅದೇ ತಟ್ಟೆಗೆ ಬಾಯಿ ಹಾಕುತ್ತವೆ. ಮರಿಗೆ ಬೇಕಾದದ್ದು 1 ಶೇಕಡಾ ಅಷ್ಟೇ. ವಾರಗಟ್ಟಲೆ ಜಾಸ್ತಿ ತಿಂದರೆ ಅವುಗಳ ಮೂತ್ರಪಿಂಡ ಕೆಡುತ್ತದೆ. ಚಿಪ್ಪಿನ ಬಟ್ಟಲು ಬೇರೆ ಇದ್ದರೆ ಈ ಪೇಚಿಲ್ಲ. ನಾಟಿ ಹೇಂಟೆ ವರ್ಷಕ್ಕೆ 60–80 ಮೊಟ್ಟೆ ಇಡುತ್ತದೆ, ಬಿವಿ 380 ಅದರ ಮೂರು ನಾಲ್ಕು ಪಟ್ಟು. ಇಬ್ಬರಿಗೂ ಒಂದೇ ಅಳತೆ ಹೇಗೆ ಸರಿ? ಮೊಟ್ಟೆ ಇಡುವ ಕೋಳಿಗೆ ತನಗೆಷ್ಟು ಬೇಕು ಎನ್ನುವುದು ಗೊತ್ತಿರುತ್ತದೆ. ನಮ್ಮಲ್ಲಿ ಬಿವಿ 380ಗಳು ಸಂಜೆ ಬಟ್ಟಲು ಬಿಟ್ಟು ಏಳುವುದಿಲ್ಲ. ಕಾವಿಗೆ ಕೂತ ನಾಟಿ ಕೋಳಿ ಅದರ ಕಡೆ ನೋಡುವುದೂ ಇಲ್ಲ.

ಬಟ್ಟಲನ್ನು ನೆಲದಿಂದ ಸ್ವಲ್ಪ ಎತ್ತರಕ್ಕೆ, ಮಳೆ ಬೀಳದ ಕಡೆ, ಮರಿಗಳಿಗೆ ಎಟುಕದಂತೆ ಕಟ್ಟಿ. ಮಧ್ಯಾಹ್ನ ಮೂರರ ಮೇಲೆ ತುಂಬಿ. ಬೇಸಿಗೆಯಲ್ಲಿ ನೆರಳು, ತಣ್ಣೀರು ಮರೆಯಬೇಡಿ. ಸೆಕೆಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗುತ್ತದೆ, ರಕ್ತದಲ್ಲಿ ಓಡಿಗೆ ಬೇಕಾದ ಕಾರ್ಬೊನೇಟಿಗೆ ಕೊರತೆ ಬೀಳುತ್ತದೆ. ಆಗ ಎಷ್ಟು ಚಿಪ್ಪು ತಿಂದರೂ ಓಡು ತೆಳುವೇ.

ಇಷ್ಟೆಲ್ಲ ಇದ್ದೂ ಹಲವು ಕೋಳಿಗಳು ಒಮ್ಮೆಗೇ ಸುಕ್ಕುಸುಕ್ಕಾದ, ಆಕಾರಗೆಟ್ಟ ಮೊಟ್ಟೆ ಇಟ್ಟರೆ, ಜೊತೆಗೆ ಸೀನು, ಗೊರಗೊರ ಉಸಿರು ಕಂಡರೆ ಅದು ಕ್ಯಾಲ್ಸಿಯಂ ಕಥೆ ಅಲ್ಲ. ಕೊಕ್ಕರೆ ರೋಗವೋ (ರಾಣಿಖೇತ್), ಉಸಿರಾಟದ ಬೇರೆ ಸೋಂಕೋ ಇರಬಹುದು. ಆ ಕೋಳಿಗಳನ್ನು ಬೇರೆ ಇಟ್ಟು, ಅದೇ ದಿನ ಪಶುವೈದ್ಯರಿಗೆ ತೋರಿಸಿ.