ನಂದಿ ತಪ್ಪಲಿನ ವೈನ್ ತೋಟ: ಚಿಕ್ಕಬಳ್ಳಾಪುರದಿಂದ ಒಂದು ದಿನದ ಭೇಟಿ

ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಮನೆ ಸೇರುವಂತೆ ವೈನ್ ತೋಟವೊಂದನ್ನು ನೋಡಿ ಬರಬೇಕೆನ್ನುವವರಿಗೆ, ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿರುವ ಗ್ರೋವರ್ ಜಂಪಾ ವೈನರಿಯನ್ನೇ ನಾನು ಮೊದಲು ಸೂಚಿಸುತ್ತೇನೆ. ಕನ್ವಲ್ ಗ್ರೋವರ್ ಅವರು 1988ರಲ್ಲಿ ಕಟ್ಟಿದ ಈ ಸಂಸ್ಥೆ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ನಂದಿ ಬೆಟ್ಟದ ಸುತ್ತಣ ಕೆಂಪು ಮಣ್ಣಿನಲ್ಲಿ ಬೆಳೆಸಿ ತೋರಿಸಿತು; ಅದೇ ದೇಶದ ವೈನ್ ಪ್ರದೇಶವಾದ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾನ್ ಇದಕ್ಕೆ ಸಲಹೆಗಾರರಾಗಿದ್ದರು.

ದ್ರಾಕ್ಷಿ ಬೆಳೆಯುವ ನಮ್ಮ ಜಿಲ್ಲೆಯವರಿಗೆ ಇಲ್ಲಿ ವೈನಿಗಿಂತ ಮೊದಲು ತೋಟವೇ ಕಣ್ಣು ಸೆಳೆಯುತ್ತದೆ. ನಮ್ಮಲ್ಲಿ ಬೆಂಗಳೂರು ನೀಲಿಯನ್ನಾಗಲಿ ದಿಲ್‌ಖುಷ್ ತಳಿಯನ್ನಾಗಲಿ ತಲೆಯ ಮೇಲಿನ ಚಪ್ಪರಕ್ಕೆ ಹಬ್ಬಿಸಿ, ಬಳ್ಳಿಯಿಂದ ಸಾಧ್ಯವಾದಷ್ಟು ಹೆಚ್ಚು ಇಳುವರಿ ತೆಗೆಯುವುದು ರೂಢಿ. ವೈನ್ ದ್ರಾಕ್ಷಿಯನ್ನು ಬೇಲಿಯಂತೆ ನೆಟ್ಟಗೆ ನಿಲ್ಲಿಸಿದ ತಂತಿಯ ಸಾಲುಗಳಿಗೆ ಕಟ್ಟಿ, ಗೊಂಚಲುಗಳಿಗೆ ಬಿಸಿಲು ಗಾಳಿ ತಾಗುವಂತೆ ಎಲೆ ಬಿಡಿಸಿ, ಇಳುವರಿಯನ್ನು ಬೇಕೆಂದೇ ಕಡಿಮೆ ಮಾಡುತ್ತಾರೆ. ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಹೀಗಾಗಿ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು, ಕೆಂಪು ವೈನಿನ ಬಣ್ಣ ಮತ್ತು ಒಗರು ಬರುವುದು ಆ ಸಿಪ್ಪೆಯಿಂದಲೇ. ರುಚಿ ನೋಡಲು ಒಂದು ಕಾಯಿ ಸಿಕ್ಕಿದರೆ ಬಿಡಬೇಡಿ: ಮಾರುಕಟ್ಟೆಯ ದ್ರಾಕ್ಷಿಗಿಂತ ಸಿಹಿ, ಅಗಿದಷ್ಟೂ ಒಗರು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಂಗಳೂರು ನೀಲಿ ಬೇರೆಯೇ ಕುಲದ್ದು. ಅದರ ಗಾಢ ಪರಿಮಳ ಜ್ಯೂಸಿಗೂ ಸಿಹಿಯಾದ ಪೋರ್ಟ್ ವೈನಿಗೂ ಚೆನ್ನಾಗಿ ಒದಗುತ್ತದೆ. ದ್ರಾಕ್ಷಿ ಬೆಳೆಯನ್ನು ಬಲ್ಲ ನಮ್ಮ ರೈತರು ಈ ತೋಟವನ್ನು ಒಮ್ಮೆ ನೋಡಲೇಬೇಕು ಎಂಬುದು ನನ್ನ ಮನಸ್ಸಿನ ಮಾತು.

ತೋಟದ ನಂತರ ರಸ ಹುದುಗುವ ಸ್ಟೀಲ್ ತೊಟ್ಟಿಗಳು, ಆಮೇಲೆ ವೈನ್ ಮಾಗುವ ಫ್ರೆಂಚ್ ಓಕ್ ಮರದ ಪೀಪಾಯಿಗಳ ತಂಪು ಕೋಣೆ, ಕೊನೆಗೆ ರುಚಿ ನೋಡುವ ಮೇಜು. ಬಿಳಿ ವೈನಿನಿಂದ ಆರಂಭಿಸಿ ಕೆಂಪಿಗೆ ಬರುವ ಕ್ರಮವನ್ನು ಮುರಿಯಬಾರದು, ಏಕೆಂದರೆ ಕೆಂಪಿನ ಒಗರು ನಾಲಿಗೆಗೆ ಹತ್ತಿದ ಮೇಲೆ ಬಿಳಿಯ ನಯ ತಿಳಿಯುವುದಿಲ್ಲ. ಸೋವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನಿನ ಲೋಟವನ್ನು ಒಮ್ಮೆ ತಿರುಗಿಸಿ ಮೂಗಿನ ಬಳಿ ತಂದರೆ ದೋರೆ ಸೀಬೆಕಾಯಿ ಮತ್ತು ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ ಸ್ಪಷ್ಟವಾಗಿ ಬರುತ್ತದೆ. ಕ್ಯಾಬರ್ನೆ ಮತ್ತು ಶಿರಾಜ್ ಎಂಬ ದ್ರಾಕ್ಷಿ ತಳಿಗಳನ್ನು ಬೆರೆಸಿದ ಕೆಂಪು ವೈನ್ ಲಾ ರಿಸರ್ವ್ ಈ ವೈನರಿಯ ಹೆಮ್ಮೆ. ನೇರಳೆ ಹಣ್ಣಿನ ರುಚಿ, ಹಿಂದೆಯೇ ಮೆಣಸಿನ ಖಾರ, ಕೊನೆಯಲ್ಲಿ ಓಕಿನ ಹದವಾದ ಘಮ. ಗುಟುಕನ್ನು ಉಗುಳಲು ಪಾತ್ರೆಯಿದ್ದರೆ ಅದನ್ನು ಬಳಸಲು ಸಂಕೋಚ ಬೇಡ, ವೈನ್ ಬಲ್ಲವರೆಲ್ಲರೂ ಹಾಗೇ ಮಾಡುತ್ತಾರೆ. ಗಾಢವಾದ ಅತ್ತರು ಪೂಸಿಕೊಂಡು ಅಥವಾ ಮೊಳಗಟ್ಟಲೆ ಮಲ್ಲಿಗೆ ಮುಡಿದು ಬಂದರೆ ಪಕ್ಕದವರಿಗೂ ವೈನಿನ ಪರಿಮಳ ಸಿಗುವುದಿಲ್ಲ.

ಯೋಜನೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ದಿನಕ್ಕೆ ಒಂದೇ ವೈನರಿ ಸಾಕು. ಬೆಂಗಳೂರಿನ ಪ್ರವಾಸ ಸಂಸ್ಥೆಯೊಂದರ ಪ್ಯಾಕೇಜಿನಲ್ಲಿ ನಂದಿಯ ಸೂರ್ಯೋದಯ, ದೇವಸ್ಥಾನ, ವೈನರಿ, ಮಾಲ್ ಎಲ್ಲವನ್ನೂ ತುರುಕಿದ್ದರಿಂದ ಪೀಪಾಯಿ ಕೋಣೆಯಲ್ಲಿ ನಿಂತು ಒಂದು ಪ್ರಶ್ನೆ ಕೇಳಲೂ ನಮಗೆ ಪುರುಸೊತ್ತು ಸಿಗಲಿಲ್ಲ. ದಾರಿಯಲ್ಲೇ ಸಿಗುವ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವನ್ನು ಬೆಳಗಿನ ತಂಪಿನಲ್ಲಿ ನೋಡಿಕೊಂಡು, ಹೊಟ್ಟೆ ತುಂಬ ತಿಂಡಿ ತಿಂದು, ಮೊದಲೇ ಕಾಯ್ದಿರಿಸಿದ ಸಮಯಕ್ಕೆ ವೈನರಿ ತಲುಪುವುದು ಒಳ್ಳೆಯದು. ವಾರಾಂತ್ಯಕ್ಕಿಂತ ವಾರದ ನಡುವಿನ ದಿನವೇ ಮೇಲು. ತಿಂಗಳ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಫೆಬ್ರವರಿ–ಮಾರ್ಚಿನ ಕೊಯ್ಲಿನ ಕಾಲಕ್ಕೆ ಹೋಗಿ. ಮಳೆಗಾಲದಲ್ಲಿ ಬಳ್ಳಿಯ ಮೇಲೆ ನೋಡಲು ಗೊಂಚಲುಗಳಿರುವುದಿಲ್ಲ.

ಕಾರು ಓಡಿಸುವವರು ರುಚಿ ನೋಡುವ ಮೇಜಿನಿಂದ ದೂರವಿರಬೇಕು. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದರೆ ಅಪರಾಧವೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ, ಕೆಲವು ಲೋಟಗಳಲ್ಲೇ ಆ ಮಿತಿ ದಾಟಬಹುದು. ಚಾಲಕರನ್ನು ಗೊತ್ತು ಮಾಡಿಕೊಂಡರೆ ಅವರ ಊಟದ ವ್ಯವಸ್ಥೆಯನ್ನೂ ಮೊದಲೇ ಕೇಳಿ ತಿಳಿಯಿರಿ.

ಕೊಂಡ ಬಾಟಲಿಗಳನ್ನು ಮಾರ್ಚಿನ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಬೇರೆಡೆ ಸುತ್ತಲು ಹೋಗಬೇಡಿ, ಆ ಕಾವಿಗೆ ವೈನ್ ಕೆಡುತ್ತದೆ. ಖರೀದಿಯನ್ನು ಹೊರಡುವ ಹೊತ್ತಿಗೆ ಇಟ್ಟುಕೊಂಡು ನೇರವಾಗಿ ಮನೆಗೆ ಬನ್ನಿ. ಕಾರ್ಕ್ ಬಿರಡೆಯ ಬಾಟಲಿಯಾದರೆ ತಂಪಾದ ಕತ್ತಲೆ ಜಾಗದಲ್ಲಿ ಮಲಗಿಸಿಡಿ.